ಎರಡು-ನಾಲ್ಕು ನಂಬರಿನ ಕಾರು

ಮನಗೂಳಿಯ ಶಾಲೆಯೊಂದರ ಅಡುಗೆಕೋಣೆಯಲ್ಲಿ ಇಪ್ಪತ್ತೊಂದು ವರ್ಷ ಮುನ್ನೂರು ಮಕ್ಕಳಿಗೆ ಅನ್ನ ಸಾರು ಮಾಡಿದ ಚನ್ನವ್ವನಿಗೆ ಅರವತ್ತು ತುಂಬಿದಾಗ ಶಾಲೆಯವರು ಒಂದು ಶಾಲು ಹೊದಿಸಿ ಕಳಿಸಿಕೊಟ್ಟರು. ಮರುದಿನವೇ ಮನೆಯವರು ಅವಳಿಗೆ ಹೊಸ ನೌಕರಿ ಕೊಟ್ಟರು. ಯಾರೂ ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ಶಾಲೆಯಲ್ಲಿ ಟೀಚರ್ ಆಗಿದ್ದ ಸೊಸೆ ವಿದ್ಯಾವತಿ, ಪಾತ್ರೆ ತೊಳೆಯಲು ಬರುತ್ತಿದ್ದ ಹುಲಿಗೆವ್ವನನ್ನು "ಅತ್ತಿ ಇನ್ನ ಮನ್ಯಾಗ ಇರ್ತಾರಲ್ಲ" ಎಂದು ಬಿಡಿಸಿದಳು. ಬಸವನ ಬಾಗೇವಾಡಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಮಗ ಅನಿಲ, ಬೆಳಗಿನ ಬುತ್ತಿ ತಣ್ಣಗಾಗುತ್ತದೆ, ಮಧ್ಯಾಹ್ನ ಬಿಸಿ ರೊಟ್ಟಿ ಮಾಡಿ ಬಸ್ಸಿಗೆ ಇಟ್ಟು ಕಳಿಸು ಎಂದ. ಗಂಡ ಬಸಂತರಾಯ ಎರಡು ಸಲದ ಚಹಾವನ್ನು ನಾಲ್ಕು ಸಲಕ್ಕೆ ಏರಿಸಿದ.

ಬಸಂತರಾಯ ಆಲಮಟ್ಟಿ ಕಾಲುವೆಯ ಗೇಟಿನ ಕೆಲಸದಿಂದ ನಿವೃತ್ತನಾಗಿ ಮೂರು ವರ್ಷವಾಗಿತ್ತು. ಅವನು ಮನೆಗೆ ಬಂದಾಗ ಎಲ್ಲರೂ "ದುಡಿದ ಜೀವ, ಇನ್ನ ಆರಾಮ ಇರ್ಲಿ" ಎಂದಿದ್ದರು. ಚನ್ನವ್ವ ಮನೆಗೆ ಬಂದಾಗ ಅದೇ ಬಾಯಿಗಳು "ಇನ್ನ ಖಾಲಿ ಅದಾಳ" ಎಂದವು.

ಖಾಲಿ ಇದ್ದ ಚನ್ನವ್ವ ಹದಿನೈದು ದಿನ ಎಲ್ಲವನ್ನೂ ಮಾಡಿದಳು. ಹದಿನಾರನೆಯ ದಿನ, ಊಟದ ತಾಟುಗಳು ಎದ್ದು ಗಡಿಯಾರ ಎರಡು ತೋರಿಸಿದಾಗ, ಪಡಸಾಲೆಯ ಕಿಟಕಿಗೆ ಹತ್ತಿದ ಮೇಜಿನ ಮೇಲಿಂದ ಗಂಡನ ಪೇಪರು, ಕನ್ನಡಕದ ಡಬ್ಬಿ, ಗುಳಿಗೆಯ ಚೀಲ ಎಲ್ಲ ಎತ್ತಿ ಕಪಾಟಿನಲ್ಲಿಟ್ಟಳು. ಒಂದು ಹಳೆಯ ಗೋಣಿತಾಟು ಹಾಸಿ ಅದರ ನಡುವೆ ಒಂದೂವರೆ ಗೇಣು ಉದ್ದದ, ಹಗುರಾದ ಹಾಲವಾಣದ ಕಟ್ಟಿಗೆಯ ತುಂಡು ಇಟ್ಟಳು.

"ಏನದು?" ಬಸಂತರಾಯ ಕೇಳಿದ.

"ಕಾರು."

"ಕಟ್ಟಿಗಿ ಕಂಡಂಗ ಕಾಣ್ತೈತಲ್ಲ."

"ಈಗ ಹಂಗ ಕಾಣ್ತೈತ್ರಿ. ದಿನಾ ಎರಡರಿಂದ ನಾಕರ ತನಕಾ ನಾ ಇಲ್ಲಿ ಕುಂಡ್ರತೇನಿ. ಆ ಹೊತ್ತಿನ್ಯಾಗ ನನ್ನ ಯಾರೂ ಕರೀಬ್ಯಾಡ್ರಿ."

"ಮತ್ತ ಚಹಾ?"

"ಒಲಿ ಅಲ್ಲೇ ಐತಿ. ಚಹಾಪುಡಿ ಮ್ಯಾಲಿನ ಫಳಿ ಮ್ಯಾಲ."

"ಸಕ್ರಿ ಎಲ್ಲಿ ಇಡ್ತಿ ಅಂತ ನನಗೇನ ಗೊತ್ತು?"

"ನಲವತ್ತ ವರ್ಷದಿಂದ ಅದರ ಬಾಜೂಕ ಐತ್ರಿ."

ಆ ದಿನ ಬಸಂತರಾಯ ಚಹಾ ಕುಡಿಯಲಿಲ್ಲ. ಮರುದಿನವೂ ಕುಡಿಯಲಿಲ್ಲ. ಮೂರನೆಯ ದಿನ ಅಡುಗೆಮನೆಯಿಂದ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದು ಹಾಕುವ ಸದ್ದು ಕೇಳಿತು. ಚನ್ನವ್ವ ತಲೆ ಎತ್ತಲಿಲ್ಲ.

ಆ ಕಟ್ಟಿಗೆಗೂ ಅವಳಿಗೂ ಐವತ್ತು ವರ್ಷದ ಪರಿಚಯ. ಆಲಮಟ್ಟಿಯಲ್ಲಿ ಆಣೆಕಟ್ಟಿನ ಕೆಲಸ ನಡೆದಿದ್ದಾಗ ಅವಳ ಅಪ್ಪ ಅಲ್ಲಿ ಎಂಜಿನಿಯರ್ ಸಾಹೇಬರೊಬ್ಬರ ಕಾರು ಹೊಡೆಯುತ್ತಿದ್ದ. ದುಂಡು ಮೂತಿಯ, ಕೆನೆ ಬಣ್ಣದ ಕಾರು. ಸಾಹೇಬರಿಗೆ ಬಿಡುವಿನಲ್ಲಿ ಮರದ ವಿಮಾನ, ಹಡಗು ಮಾಡುವ ಹವ್ಯಾಸ. ಅದಕ್ಕೆಂದೇ ಮುಂಬಯಿಯಿಂದ ಒಂದು ಇಂಗ್ಲಿಷ್ ಮಾಸಿಕ ತರಿಸುತ್ತಿದ್ದರು. ವರ್ಗವಾಗಿ ಹೋಗುವಾಗ ಬೇಡದ ಸಾಮಾನು ಹಂಚುತ್ತಾ, ೧೯೬೬ರ ಒಂದು ಸಂಚಿಕೆಯ ನಡುವಿನ ದೊಡ್ಡ ಮಡಿಕೆಹಾಳೆಯನ್ನೂ ಒಂದು ಹಾಲವಾಣದ ತುಂಡನ್ನೂ ಡ್ರೈವರನಿಗೆ ಕೊಟ್ಟು, "ನಿನ್ನ ಮಗ ಮಾಡಲಿ" ಎಂದರು. ಹಾಳೆಯಲ್ಲಿದ್ದುದು ಅಂಥದೇ ದುಂಡು ಮೂತಿಯ ಕಾರಿನ ನಕ್ಷೆ. ನಿಜವಾದ ಕಾರಿನ ಒಂದು ಅಡಿಗೆ ಇಲ್ಲಿ ಒಂದು ಇಂಚು. ಮಾಡಬೇಕಾದ ಕಾರು ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಮೂಲೆಯಲ್ಲಿ ಇನ್ನೊಂದು ಸಣ್ಣ ಚಿತ್ರವಿತ್ತು. ಟೈ ಕಟ್ಟಿದ ಅಪ್ಪ, ಚಡ್ಡಿ ಹಾಕಿದ ಮಗ ಮೇಜಿಗೆ ಬಾಗಿ ಕಾರು ಮಾಡುತ್ತಿದ್ದಾರೆ. ಹಿಂದೆ ಬಾಗಿಲಲ್ಲಿ ಒಬ್ಬ ಹೆಂಗಸು ಚಹಾದ ಟ್ರೇ ಹಿಡಿದು ನಗುತ್ತಾ ನಿಂತಿದ್ದಾಳೆ.

ಒಂಬತ್ತು ವರ್ಷದ ಚನ್ನವ್ವ ಆ ಚಿತ್ರದಲ್ಲಿ ಹುಡುಗಿ ಎಲ್ಲಿದ್ದಾಳೆ ಎಂದು ಬಹಳ ಹುಡುಕಿದ್ದಳು.

ಸಾಲೋಟಗಿಯ ಅವರ ಮನೆಯಲ್ಲಿ ಅಣ್ಣ ಸಿದ್ದಾರೂಢ ಬ್ಲೇಡು ಹಿಡಿದು ಕೂತ. ತುಂಡು ಅಲುಗದಂತೆ ಹಿಡಿಯುವುದು, ಬಿದ್ದ ಸಿಬಿರು ಗುಡಿಸುವುದು ತಂಗಿಯ ಪಾಲು. ಎರಡು ಗೀರು ಎಳೆಯುವುದರೊಳಗೆ ಅಣ್ಣನ ಹೆಬ್ಬೆರಳು ಕೊಯ್ದಿತು. ತುಂಡನ್ನು ಒಗೆದು ಗೋಲಿ ಆಡಲು ಹೋದ. "ನಾ ಮಾಡ್ತೇನಿ ಯವ್ವಾ" ಎಂದು ಚನ್ನವ್ವ ಬ್ಲೇಡು ಎತ್ತಿಕೊಂಡಳು. ಅವ್ವ ಕಸಿದುಕೊಂಡಳು.

"ಹೆಣ್ಣ ಹುಡುಗಿ ಬ್ಲೇಡ್ ಹಿಡೀತಿ ಏನ? ಕೈ ಕೊಯ್ಕೊಂಡ್ರ ನಾಳೆ ನಿನ್ನ ಯಾರ ಮಾಡ್ಕೋತಾರ? ನಡಿ, ಬದನಿಕಾಯಿ ಹೆಚ್ಚು."

ಆ ಮನೆಯ ಈಳಿಗೆಯ ಅಲಗು ಬ್ಲೇಡಿಗಿಂತ ಹತ್ತು ಪಟ್ಟು ದೊಡ್ಡದಿತ್ತು. ಅದರ ಮುಂದೆ ಕೂರಬೇಡ ಎಂದು ಚನ್ನವ್ವನಿಗೆ ಯಾರೂ ಯಾವತ್ತೂ ಹೇಳಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ, ಈಗ್ಗೆ ಹದಿನೈದು ವರ್ಷದ ಹಿಂದೆ, ಸಿದ್ದಾರೂಢ ಅವಳನ್ನು ಇಂಡಿ ಪಟ್ಟಣದ ನೋಂದಣಿ ಕಚೇರಿಗೆ ಕರೆದೊಯ್ದ. ಸಾಲೋಟಗಿಯ ಹೊಲದಲ್ಲಿ ತನ್ನ ಪಾಲು ಬಿಟ್ಟುಕೊಟ್ಟಿದ್ದೇನೆ ಎಂಬ ಕಾಗದಕ್ಕೆ ಅವಳು ಸಹಿ ಹಾಕಿದಳು. ಎಲ್ಲ ಅಕ್ಕತಂಗಿಯರೂ ಹಾಕುತ್ತಾರೆ ಎಂದರು, ಹಾಕಿದಳು. ಮನೆಗೆ ಬಂದು ಅತ್ತಿಗೆ ಉಡಿ ತುಂಬಿದಳು. ಅಣ್ಣ ಸಿಂದಗಿ ಪೇಟೆಯಿಂದ ತಂದ ಒಂದು ಸೀರೆ, ಒಂದು ಡಜನ್ ಹಸಿರು ಬಳೆ ಕೊಟ್ಟ. ಡಬ್ಬಿಯ ಮೇಲೆ ೨.೪ ಎಂದು ಅಚ್ಚಾಗಿತ್ತು. ಬಳೆಯಂಗಡಿಯ ಲೆಕ್ಕದಲ್ಲಿ ಎರಡು-ನಾಲ್ಕು ಅಂದರೆ ಸಣ್ಣ ಕೈ, ಎರಡು-ಆರು ನಡುವಿನ ಕೈ, ಎರಡು-ಎಂಟು ದೊಡ್ಡ ಕೈ. ಮದುವೆಯಾಗಿ ಹೋಗುವಾಗ ಚನ್ನವ್ವನದು ಎರಡು-ನಾಲ್ಕೇ ಇತ್ತು. ಆಮೇಲೆ ಮುನ್ನೂರು ಮಕ್ಕಳ ಕೊಪ್ಪರಿಗೆ ಎತ್ತಿ ಇಳಿಸಿ ಅದು ಎರಡು-ಎಂಟು ಆದದ್ದು ಅಣ್ಣನಿಗೆ ಗೊತ್ತಿರಲಿಲ್ಲ. ಸಾಬೂನು ಹಚ್ಚಿದರೂ ಬಳೆ ಗೆಣ್ಣು ದಾಟಲಿಲ್ಲ. ಹನ್ನೆರಡಕ್ಕೆ ಹನ್ನೆರಡೂ ಡಬ್ಬಿಯಲ್ಲೇ ಉಳಿದವು.

ಅದೇ ದಿನ ಅಟ್ಟದ ಮೇಲೆ ಆ ಹಾಳೆಯೂ ಎರಡು ಗೀರಿನ ತುಂಡೂ ಅವಳ ಕಣ್ಣಿಗೆ ಬಿದ್ದಿದ್ದವು. "ಆ ರದ್ದಿ ಏನ ಮಾಡ್ತಿ?" ಎಂದು ಅಣ್ಣ ನಕ್ಕಿದ್ದ. "ಒಯ್ಯಿ, ಒಲಿಗರೆ ಆಗತೈತಿ."

ಒಲೆಗೆ ಆಗಲಿಲ್ಲ. ಹದಿನೈದು ವರ್ಷ ಟ್ರಂಕಿನಲ್ಲಿ ಬಳೆ ಡಬ್ಬಿಯ ಪಕ್ಕದಲ್ಲೇ ಇದ್ದವು.

ಈಗ ದಿನಕ್ಕೆ ಎರಡು ತಾಸಿನಂತೆ ಆ ತುಂಡು ಸವೆಯತೊಡಗಿತು. ಮೊದಲ ತಿಂಗಳು ಅದು ಸಾಬೂನಿನಂತೆ, ಎರಡನೆಯ ತಿಂಗಳು ಬೂಟಿನಂತೆ ಕಂಡಿತು. ಅಣ್ಣನ ಎರಡು ಗೀರು ಇದ್ದ ಜಾಗ ಬಾನೆಟ್ಟಿನ ಇಳಿಜಾರಿನಲ್ಲಿ ಸಿಬಿರಾಗಿ ಹೋಯಿತು. ಹಾಳೆಯ ಇಂಗ್ಲಿಷನ್ನು ಭಾನುವಾರಗಳಂದು ವಿದ್ಯಾವತಿ ಓದಿ ಹೇಳಬೇಕಾಯಿತು. ಮೊದಮೊದಲು ಗೊಣಗುತ್ತಾ, ನಿಂತಲ್ಲೇ ಓದುತ್ತಿದ್ದಳು.

"ಬಣ್ಣ ಎಂಟ ಸಲ ಹಚ್ಚಬೇಕಂತ್ರಿ ಅತ್ತಿ. ಒಂದೊಂದ ಸಲಕ್ಕೂ ಒಂದ ದಿನ ಒಣಗಿಸಿ ಪಾಲಿಶ್ ಪೇಪರ್ ಹಚ್ಚಿ ತಿಕ್ಕಬೇಕಂತ. 'ತಾಳ್ಮೆ ಇರಲಿ, ಹುಡುಗರೇ' ಅಂತ ಬರದಾರ."

"ಹುಡುಗರಿಗೆ ಅದನ್ನ ಬರದ ಹೇಳಬೇಕಾಗತೈತಿ" ಎಂದಳು ಚನ್ನವ್ವ.

ವಿದ್ಯಾವತಿ ನಕ್ಕಳು. ಅವಳು ಅತ್ತೆಯ ಪಕ್ಕದಲ್ಲಿ ಕೂತದ್ದು ಆವತ್ತೇ ಮೊದಲು. ಸ್ವಲ್ಪ ಹೊತ್ತಿನ ಮೇಲೆ ಚನ್ನವ್ವ ಬ್ರಷ್ ಒರೆಸುತ್ತಾ, "ಹುಲಿಗೆವ್ವನ್ನ ತಿರುಗಿ ಕರಿ, ವಿದ್ಯಾ. ನನ್ನ ಹೆಸರಿಲೆ ಆಕಿ ಹೊಟ್ಟಿ ಮ್ಯಾಲ ಹೊಡೀಬ್ಯಾಡ" ಎಂದಳು. ಸೋಮವಾರ ಹುಲಿಗೆವ್ವ ಬಂದಳು.

ಅರವತ್ತರ ದಶಕದ ಆ ಹಾಳೆಯ ಪ್ರಕಾರ ಅಂಗಡಿಯಿಂದ ಆದಷ್ಟು ಕಡಿಮೆ ಕೊಳ್ಳಬೇಕು, ಮನೆಯಲ್ಲಿ ಇದ್ದುದನ್ನೇ ಬಳಸಬೇಕು. ಅದು ಚನ್ನವ್ವನಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಸೀರೆಯ ಡಬ್ಬಿಯ ಪಾರದರ್ಶಕ ಮುಚ್ಚಳ ಕಿಟಕಿಗಾಜಾಯಿತು. ಅನಿಲ ಕೂಸಾಗಿದ್ದಾಗಿನ ಒಂದು ಬಳೆ ಸ್ಟಿಯರಿಂಗ್ ಆಯಿತು. ಗುಳಿಗೆ ಪಟ್ಟಿಯ ಬೆಳ್ಳಿಹಾಳೆಯನ್ನು ಉಗುರಿನಿಂದ ತೀಡಿ ತೀಡಿ ಬಂಪರಿಗೆ ಅಂಟಿಸಿದಳು.

"ನನ್ನ ಬಿ.ಪಿ. ಗುಳಗಿ ಎಲ್ಲಾ ಬಟ್ಟಲದಾಗ ಸುರುವೀಯಲ್ಲ!" ಎಂದು ಬಸಂತರಾಯ ಕೂಗಾಡಿದ.

"ಎಣಿಸಿ ಇಟ್ಟೇನ್ರಿ. ಬಿ.ಪಿ. ಏರಿಸ್ಕೋಬ್ಯಾಡ್ರಿ."

ಒಂಬತ್ತು ತಿಂಗಳು ಅವನು ಬಂದವರ ಮುಂದೆಲ್ಲ "ನಮ್ಮಾಕಿಗೆ ವಯಸ್ಸಾದಂಗ ಹುಚ್ಚ ಹಿಡದೈತಿ" ಎಂದು ಹೇಳುತ್ತಿದ್ದ. ಹತ್ತನೆಯ ತಿಂಗಳು, ಎಂಟನೆಯ ಸಲದ ಕೆನೆ ಬಣ್ಣ ಒಣಗಿ, ಕಿಟಕಿಯ ಬಿಸಿಲು ಬಾನೆಟ್ಟಿನ ಮೇಲೆ ಬಿದ್ದು ಹೊಳೆದ ದಿನ, ಫೋನಿನಲ್ಲಿ ಅವನ ಮಾತು ಚನ್ನವ್ವನ ಕಿವಿಗೆ ಬಿತ್ತು. "ಹೂಂರಿ, ನಾವು ಮನ್ಯಾಗೊಂದ ಕಾರ ಮಾಡೇವಿ."

ಆ ಕಡೆ ಇದ್ದವನು ಸಿದ್ದಾರೂಢ. ಇಂಡಿಯಲ್ಲಿ ಹೊಸ ಮನೆ ಕಟ್ಟಿಸಿದ್ದ. ಪಡಸಾಲೆಯ ಶೋಕೇಸಿನಲ್ಲಿ ಅಪ್ಪನ ಫೋಟೋ ಇಟ್ಟು, ಅದರ ಮುಂದೆ ಅಪ್ಪ ಹೊಡೆಯುತ್ತಿದ್ದ ಕಾರು ಇಟ್ಟರೆ ವಾಸ್ತುಶಾಂತಿಗೆ ಬಂದವರೆಲ್ಲ ನೋಡುತ್ತಾರೆ ಎಂದ. ಬಸಂತರಾಯ ಅಲ್ಲೇ ಒಪ್ಪಿಕೊಂಡ. ಮುಂದಿನ ಭಾನುವಾರ ಬಂದು ಒಯ್ಯುವುದೆಂದು ಮಾತಾಯಿತು. ಫೋನು ಇಟ್ಟ ಮೇಲೆ ಹೆಂಡತಿಗೆ ಸುದ್ದಿ ತಿಳಿಸಿದ.

"ಗಾಲಿ ಇನ್ನೂ ಕುಂತಿಲ್ಲ" ಎಂದಷ್ಟೇ ಚನ್ನವ್ವ ಹೇಳಿದಳು.

ಗಾಲಿಗಳನ್ನು ಮಾತ್ರ ಅವಳು ಕೈಯಲ್ಲಿ ಕೆತ್ತಿರಲಿಲ್ಲ. ನಾಲ್ಕೂ ಒಂದೇ ಸಮ ದುಂಡಗಿರಬೇಕಾದರೆ ಲೇತ್ ಬೇಕು. ನಕ್ಷೆಯಲ್ಲಿ ಗಾಲಿಯ ಅಳತೆ ಬರೆದ ಜಾಗ ಮಡಿಕೆಯಲ್ಲಿ ಹರಿದುಹೋಗಿತ್ತು, ಆದರೆ ಗಾಲಿಯ ಚಿತ್ರ ಇತ್ತು. ಟ್ರಂಕಿನ ಹಸಿರು ಬಳೆಯೊಂದನ್ನು ಚಿತ್ರದ ಮೇಲೆ ಇಟ್ಟು ನೋಡಿದಳು. ಗೆರೆಗೆ ಗೆರೆ ಕೂತಿತು. ಬಳೆ ಡಬ್ಬಿಯ ಮೇಲಿದ್ದುದನ್ನೇ ಚೀಟಿಯಲ್ಲಿ ಬರೆದಳು: ಗಾಲಿ ನಾಲ್ಕು, ಅಳತೆ ೨.೪ ಇಂಚು. ಬಾಗೇವಾಡಿಯಲ್ಲಿ ಲೇತ್ ಇಟ್ಟಿದ್ದ ಜೈನುದ್ದೀನನಿಗೆ ಅನಿಲನ ಕೈಯಲ್ಲಿ ಕಳಿಸಿದಳು.

ಬಂದ ಗಾಲಿಗಳು ಒಳಗೆ ಕೂರಲಿಲ್ಲ. ಮಡ್‌ಗಾರ್ಡಿಗೆ ತಾಗಿ ಗಕ್ಕನೆ ನಿಂತವು. ಒತ್ತಿದರೆ ಎಂಟು ಸಲ ಹಚ್ಚಿದ ಬಣ್ಣ ಸಿಡಿಯುವುದು ಖಚಿತವಿತ್ತು.

ಬಸಂತರಾಯ ಕನ್ನಡಕ ಹಾಕಿಕೊಂಡು ಬಾಗಿ ನೋಡಿದ. ಅವನ ಮುಖ ಹತ್ತು ತಿಂಗಳಲ್ಲಿ ಇಷ್ಟು ಅರಳಿರಲಿಲ್ಲ. "ಅಳತಿ ಅಂದ್ರ ರೊಟ್ಟಿ ಬಡದಂಗಲ್ಲ, ಚನ್ನವ್ವ. ಗೇಟಿನ ಮ್ಯಾಲ ಮೂವತ್ತ ವರ್ಷ ಅಳತಿ ಮಾಡೇನಿ ನಾನು. ಬಿಡು, ನಿಮ್ಮಣ್ಣನ ಶೋಕೇಸ್ ಮಾಡೋ ಬಡಗ್ಯಾ ಅದಾನ. ಅಂವಾ ಗಾಲಿ ಹಚ್ಕೋತಾನ. ಹಂಗ ಕೊಟ್ಟು ಕಳಸು."

ಚನ್ನವ್ವ ಶನಿವಾರ ಮುಂಜಾನೆ ರೊಟ್ಟಿ ಮಾಡಲಿಲ್ಲ. ಕಾರನ್ನು ಟವೆಲ್ಲಿನಲ್ಲಿ ಸುತ್ತಿ ಬುತ್ತಿಯ ಬುಟ್ಟಿಯಲ್ಲಿಟ್ಟು, ಬಳೆ ಡಬ್ಬಿ ಸೆರಗಿನಲ್ಲಿ ಕಟ್ಟಿಕೊಂಡು ಬಾಗೇವಾಡಿ ಬಸ್ಸು ಹತ್ತಿದಳು.

ಜೈನುದ್ದೀನನ ಅಂಗಡಿಯ ಅರ್ಧ ಲೇತ್, ಮುಂದಿನ ಅರ್ಧ ಅವನ ಹೆಂಡತಿ ಅಫ್ರೀನಳ ಬಳೆಯಂಗಡಿ.

"ಅಕ್ಕಾರ, ಚೀಟಿ ನನ್ನ ಕಡೆ ಐತ್ರಿ" ಎಂದು ಅವನು ಮೊದಲೇ ಕೈ ಎತ್ತಿದ. "ಎರಡು ಪಾಯಿಂಟ್ ನಾಕು ಬರದೀರಿ, ಎರಡು ಪಾಯಿಂಟ್ ನಾಕು ಮಾಡೇನಿ. ಕೂದಲೆಳಿ ಹೆಚ್ಚಿಲ್ಲ, ಕಮ್ಮಿಲ್ಲ."

"ಪಾಯಿಂಟ್ ಅಂತ ಯಾರ ಅಂದ್ರು? ನಾ ಎರಡ-ನಾಕು ಬರದೇನಿ."

"ಎರಡೂ ಒಂದ ಅಲ್ಲೇನ್ರಿ?"

ಗಿರಾಕಿಯ ಕೈಗೆ ಬಳೆ ಏರಿಸುತ್ತಿದ್ದ ಅಫ್ರೀನ ಅಲ್ಲಿಂದಲೇ ನಕ್ಕುಬಿಟ್ಟಳು. "ಇಪ್ಪತ್ತ ವರ್ಷ ಬಳಿ ಅಂಗಡಿ ಹಿಂದ ಕುಂತಾರ, ಎರಡ-ನಾಕು ಅಂದ್ರ ಏನಂತ ಗೊತ್ತಿಲ್ಲ ನಮ್ಮ ಮಿಸ್ತ್ರಿಗೆ! ಏನ್ರಿ, ಹಳೀ ರೂಪಾಯಿಗೆ ಹದಿನಾರ ಆಣೆ ಇದ್ವಲ್ಲ, ಹಂಗ ಬಳಿಯಾಗ ಇಂಚಿಗೆ ಹದಿನಾರ. ಎರಡ-ನಾಕು ಅಂದ್ರ ಎರಡ ಇಂಚು, ನಾಕ ಆಣೆ. ಎರಡೂ ಕಾಲು. ನಿಮ್ಮ ಪಾಯಿಂಟಿನ ಲೆಕ್ಕ ಹಿಡದು ಬಳಿ ಮಾರಿದ್ರ ಎಲ್ಲಾರ ಕೈಯಾಗಿಂದ ಜಾರಿ ಬೀಳ್ತಿದ್ವು."

ಜೈನುದ್ದೀನ ಅಳತೆಯ ಕಡ್ಡಿ ಹಿಡಿದು ಹಸಿರು ಬಳೆಯ ಒಳಗನ್ನು ಅಳೆದ. ಮತ್ತೊಮ್ಮೆ ಅಳೆದ. "ಎರಡೂ ಕಾಲು" ಎಂದು ಮೆಲ್ಲಗೆ ಒಪ್ಪಿಕೊಂಡು ಗಾಲಿಗಳನ್ನು ಮತ್ತೆ ಲೇತಿಗೆ ಕಟ್ಟಿದ. ಅಫ್ರೀನ ಗಿರಾಕಿಯನ್ನು ಕಳಿಸಿ ಹಿಂದೆ ಬಂದು ನಿಂತಳು. ಒಂದೊಂದು ಗಾಲಿ ಇಳಿದಂತೆ ಅದನ್ನು ಬಳೆಯೊಳಗೆ ತೂರಿಸಿ ನೋಡುತ್ತಿದ್ದಳು. "ಇನ್ನೊಂದೀಟು... ಇನ್ನೊಂದೀಟು... ಹಾಂ, ಸಾಕು. ಗೆಣ್ಣು ದಾಟ್ತು."

ನಾಲ್ಕನೆಯದೂ ದಾಟಿದಾಗ ಚನ್ನವ್ವ ಅಂಗಡಿಯ ಕಟ್ಟೆಯ ಮೇಲೇ ಕೂತು ಗಾಲಿ ಜೋಡಿಸಿದಳು. ಬೆರಳಿನಿಂದ ತಟ್ಟಿದರೆ ಗಾಲಿ ಸದ್ದಿಲ್ಲದೆ ತಿರುಗಿತು.

ಭಾನುವಾರ ಎರಡೂವರೆಗೆ ಸಿದ್ದಾರೂಢ ಬಂದ. ಕೈಯಲ್ಲಿ ಸೀರೆಯ ಪೊಟ್ಟಣವಿತ್ತು. ಹೋಳಿಗೆಯ ವಾಸನೆ ಹುಡುಕುವಂತೆ ಒಳಗೆ ಮುಖ ತಿರುಗಿಸಿದ. ವಾಸನೆ ಬರುತ್ತಿದ್ದುದು ಬಣ್ಣದ್ದು.

"ಬಾ ಅಣ್ಣಾ, ಕುಂಡ್ರು" ಎಂದಳು ಚನ್ನವ್ವ. ಮೇಜಿನಿಂದ ಏಳಲಿಲ್ಲ. ಹಿಂದಿನ ಬಂಪರಿನ ಮೇಲೆ ಸಣ್ಣ ತಗಡಿನ ಪಟ್ಟಿಯೊಂದನ್ನು ಅಂಟಿಸಿ, ಒಣಗುವವರೆಗೆ ಬೆರಳಿನಿಂದ ಒತ್ತಿ ಹಿಡಿದಿದ್ದಳು.

ಸಿದ್ದಾರೂಢ ಕಾರನ್ನು ನೋಡಿದ. ಕುರ್ಚಿ ಎಳೆದುಕೊಂಡು ಹತ್ತಿರ ಕೂತ. "ಅಪ್ಪ ಈಗ ಬಾಗಲಾ ತಗದು ಇಳಿದು ಬರ್ತಾನೇನೋ ಅನಸ್ತೈತಿ, ಚನ್ನೀ" ಎಂದಾಗ ಅವನ ದನಿ ನಿಜವಾಗಿಯೂ ಒದ್ದೆಯಾಗಿತ್ತು. ಸ್ವಲ್ಪ ಹೊತ್ತಿಗೆ ಸರಿಮಾಡಿಕೊಂಡು, "ಶೋಕೇಸ್ ತಯಾರ ಐತಿ. ಕೆಳಗ ಹಿತ್ತಾಳಿ ಪಟ್ಟಿ ಬರಿಸೇನಿ. 'ತಂದೆಯವರ ನೆನಪಿಗೆ, ಸಿದ್ದಾರೂಢ ಮತ್ತು ಕುಟುಂಬ' ಅಂತ" ಎಂದ.

"ನೋಡಾಕ ಯಾವಾಗ ಬೇಕಾದ್ರೂ ಬಾ. ಒಯ್ಯಾಕ ಕೊಡಾಂಗಿಲ್ಲ."

"ಏ!" ಬಸಂತರಾಯ ಒಳಗಿನಿಂದ ಬಂದ. "ನಾ ಮಾತ ಕೊಟ್ಟೇನಿ."

"ಮಾತ ನಿಮ್ದಿತ್ತು, ಕೊಟ್ರಿ. ಕಾರ ನಂದೈತಿ."

ಸಿದ್ದಾರೂಢ ನಗಲು ನೋಡಿದ. "ಹುಚ್ಚೀ, ಕಟ್ಟಿಗಿ ಅಪ್ಪಂದು. ನಕ್ಷಿ ಅಪ್ಪಂದು. ಗಾಡಿನೂ ಅಪ್ಪ ಹೊಡದದ್ದು. ಇದರಾಗ ನಿಂದೇನೈತಿ ಹೇಳು ನೋಡೋಣ."

ಚನ್ನವ್ವ ಬೆರಳು ತೆಗೆದು ಕಾರಿನ ಹಿಂಭಾಗವನ್ನು ಅವನ ಕಡೆಗೆ ತಿರುಗಿಸಿದಳು. ನಂಬರ್ ಪಟ್ಟಿಯ ಮೇಲೆ ಕಪ್ಪು ಬಣ್ಣದಲ್ಲಿ ಎರಡೇ ಅಂಕಿ: ೨-೪.

"ಅಪ್ಪನ ಗಾಡಿ ನಂಬರ್ ಇದಲ್ಲಲ್ಲ."

"ಅಲ್ಲ. ಇದು ನನ್ನ ಗಾಡಿ ನಂಬರ್. ಎರಡರಿಂದ ನಾಕು. ಹತ್ತ ತಿಂಗಳು, ದಿನಾ. ಇದರಾಗ ನನ್ನ ಪಾಲು ಅಷ್ಟ ಐತಿ. ಹೊಲದ ಪಾಲಿಗೆ ಸಹಿ ಮಾಡಿದೆ. ಇದಕ್ಕ ಯಾವ ಆಫೀಸಿಗೆ ಕರದ್ರೂ ಬರಾಂಗಿಲ್ಲ."

ಒಳಗೆ ವಿದ್ಯಾವತಿ ಪಾತ್ರೆ ಇಡುವ ಸದ್ದು ನಿಂತಿತು. ಬಸಂತರಾಯ ಒಮ್ಮೆ ಭಾವನ ಮುಖ, ಒಮ್ಮೆ ಹೆಂಡತಿಯ ಮುಖ ನೋಡಿ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಡುಗೆಮನೆಗೆ ಹೋದ.

"ಒಂದ ಆಟಿಗಿ ಸಾಮಾನಿಗೆ ಇಷ್ಟ ದೊಡ್ಡ ಮಾತಾ?" ಎಂದ ಸಿದ್ದಾರೂಢ.

"ಆಟಿಗಿ ಸಾಮಾನ ಆದ್ರ ನಿನಗ್ಯಾಕ ಬೇಕು?"

ಚನ್ನವ್ವ ಮೇಜಿನ ಗೂಡಿನಿಂದ ಮಡಿಚಿದ ನಕ್ಷೆಯನ್ನು ತೆಗೆದಳು. ಮಡಿಕೆಗಳಿಗೆ ಹಿಂದಿನಿಂದ ಬಟ್ಟೆ ಅಂಟಿಸಿದ್ದಳು. ಅದನ್ನು ಅಣ್ಣನ ತೊಡೆಯ ಮೇಲಿಟ್ಟು, ಅದರ ಮೇಲೆ ಬಳೆಯ ಡಬ್ಬಿ ಇಟ್ಟಳು.

"ಇದು ಅಪ್ಪಂದು, ಖರೇ ಅಂದಿ. ಒಯ್ಯಿ. ಹಾಲವಾಣದ ತುಂಡು ಮುದ್ದೇಬಿಹಾಳದ ಸಾಮಿಲ್‌ನ್ಯಾಗ ಕೇಳು, ಸಿಗತೈತಿ. ದಿನಾ ಎರಡ ತಾಸ ಕುಂಡ್ರು, ಒಂದ ವರ್ಷಕ್ಕ ಆಗತೈತಿ. ಬ್ಲೇಡ್ ಹಿಡಿಯೋ ಮುಂದ ಹೆಬ್ಬಟ್ಟ ಹಿಂದ ಇಟ್ಕೊ. ಬಳಿನೂ ನೀನ ಕೊಟ್ಟದ್ದು. ನನ್ನ ಕೈಗೆ ಆಗ್ಲಿಲ್ಲ, ಗಾಲಿ ಅಳತಿಗೆ ಬರೋಬ್ಬರಿ ಅದಾವ. ಪಾಯಿಂಟ್ ಹಾಕಿ ಬರಿಬ್ಯಾಡ ಮತ್ತ."

ಸಿದ್ದಾರೂಢ ಡಬ್ಬಿಯನ್ನು ತಿರುಗಿಸಿ ನೋಡಿದ. ಹನ್ನೆರಡು ಬಳೆ, ಒಂದೂ ಒಡೆದಿರಲಿಲ್ಲ, ಒಂದನ್ನೂ ತೊಟ್ಟಿರಲಿಲ್ಲ. ಏನೋ ಕೇಳಬೇಕೆಂದು ತಂಗಿಯ ಕೈ ಕಡೆ ನೋಡಿದ. ಬಣ್ಣ ಮೆತ್ತಿದ, ಗೆಣ್ಣು ದಪ್ಪಗಾದ ಆ ಕೈಯನ್ನು ಅವನು ಅಷ್ಟು ಹತ್ತಿರದಿಂದ ನೋಡಿ ಬಹಳ ವರ್ಷವಾಗಿತ್ತು. ನಕ್ಷೆಯ ಮಡಿಕೆ ಬಿಚ್ಚಿದ.

"ಒಂದ ಸಲ ಮುಟ್ಟಿ ನೋಡ್ಲಿ?" ಎಂದ, ಕಾರಿನ ಕಡೆ ಗದ್ದ ತೋರಿಸಿ.

"ಕೈ ತೊಳ್ಕೊಂಡ ಬಾ."

ಸಿದ್ದಾರೂಢ ಎದ್ದು ಬಚ್ಚಲ ಕಡೆ ಹೋದ. ಆಗ ಅಡುಗೆಮನೆಯ ಬಾಗಿಲಲ್ಲಿ ಬಸಂತರಾಯ ಕಾಣಿಸಿಕೊಂಡ. ಕೈಯಲ್ಲಿ ಟ್ರೇ, ಟ್ರೇಯಲ್ಲಿ ಮೂರು ಕಪ್ಪು ಚಹಾ. ಕಪ್ಪುಗಳು ತುಂಬಿ ಚಹಾ ಕೆಳಗಿನ ಬಸಿಗೆ ಚೆಲ್ಲಿತ್ತು. ಅವನು ನಗುತ್ತಿರಲಿಲ್ಲ.

"ಅಲ್ಲೇ ಸ್ಟೂಲ್ ಮ್ಯಾಲ ಇಡ್ರಿ" ಎಂದಳು ಚನ್ನವ್ವ. "ಕಾರಿನ ಮ್ಯಾಲ ಚೆಲ್ಲೀರಿ."

ಗಡಿಯಾರದಲ್ಲಿ ಮೂರೂ ಕಾಲು ಆಗಿತ್ತು. ಅವಳಿಗೆ ಇನ್ನೂ ಮುಕ್ಕಾಲು ತಾಸು ಇತ್ತು.